ತುಂಬಿದ ಗಾಡಿ ಕುಣಿಯುವುದಿಲ್ಲ

“ಅಕ್ಕಾ, ಗಾಡಿ ಇಳಸ್ರಿ! ಹಿಂದ ಎಂಟು ಲಾರಿ ನಿಂತಾವ!”

ದೇವಿಕಾ ಕ್ಯಾಬಿನ್ನಿನ ಕಿಟಕಿಯಿಂದ ಕೈಯನ್ನಷ್ಟೇ ಹೊರಗೆ ಚಾಚಿ, ತಡೆ ಎಂದಳು. ಅರವತ್ತು ಟನ್ನಿನವರೆಗೆ ಲಾರಿ ತೂಗುವ ಕಾಂಟಾದ ನಟ್ಟನಡುವೆ ಅವಳ ಬಿಳಿ ಸಣ್ಣ ಕಾರು ನಿಂತಿತ್ತು, ಪರಾತದಲ್ಲಿ ಬಿದ್ದ ಒಂದೇ ಒಂದು ಅಗುಳಿನ ಹಾಗೆ. ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಒದ್ದಾಡಿ ಎಂಟುನೂರಾ ಹತ್ತಕ್ಕೆ ನಿಂತವು. ನಿನ್ನೆ ಇದೇ ಹೊತ್ತಿಗೆ ಖಾಲಿ ಕಾರು ಏಳುನೂರಾ ಇಪ್ಪತ್ತು ತೂಗಿತ್ತು. ಅಲ್ಲಿಗೆ ಡಿಕ್ಕಿಯಲ್ಲಿಟ್ಟ ಮೂರು ಫರಸಿ ಕಲ್ಲು ಕೂಡಿ ತೊಂಬತ್ತು ಕಿಲೋ. ಈ ಕಾಂಟಾ ಹತ್ತು ಕಿಲೋಗಿಂತ ಸಣ್ಣದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲವಾದ್ದರಿಂದ ಅಷ್ಟರಮಟ್ಟಿಗೆ ಸರಿ.

ಅವಳು ಸೊಂಟಕ್ಕೆ ಒಂದು ಕೈ ಕೊಟ್ಟುಕೊಂಡು ಮೂರು ಮೆಟ್ಟಿಲು ಇಳಿದು ಕಾರಿನ ಹತ್ತಿರ ಬರುವಷ್ಟರಲ್ಲಿ ಮೊದಲ ಲಾರಿಯ ಡ್ರೈವರ್ ಡಿಕ್ಕಿಯ ಗಾಜಿಗೆ ಮೂಗು ಹಚ್ಚಿ ನೋಡುತ್ತಿದ್ದ.

“ಫರಸಿ! ಮನಿ ಕಟ್ಟಸಾಕತ್ತೀರೇನ್ರಿ ಅಕ್ಕಾ? ಇಷ್ಟೇ ಇಷ್ಟು ಒಯ್ದರ ಮುಂದಿನ ಜನ್ಮಕ್ಕ ಮುಗೀತದ.”

“ಗಾಡಿ ಕುಣೀಬಾರದಂತ ಹಾಕೀನಿ. ನೀ ನಿಂದು ಹಚ್ಚು. ಕ್ಲೀನರ್‌ನ ತೆಳಗ ಇಳಸು ಮೊದಲ. ಹ್ವಾದ ಸಲ ಅವನ ತೂಕಾನೂ ಕಲ್ಲಿದ್ದಲಿನ ಲೆಕ್ಕಕ್ಕ ಹ್ವಾಗಿತ್ತು.”

ಹಿಂದೆ ನಿಂತವರು ಬಿದ್ದು ಬಿದ್ದು ನಕ್ಕರು. ಕ್ಲೀನರ್ ಮುಖ ಗಂಟು ಹಾಕಿಕೊಂಡು ಇಳಿದ. ದೇವಿಕಾ ಕಾರನ್ನು ತೆಗೆದು ಬೇವಿನ ಗಿಡದ ಕೆಳಗೆ ನಿಲ್ಲಿಸಿ ತಿರುಗುವಾಗ ಬಸವಲಿಂಗ ಚಹಾದ ಕಪ್ಪು ಹಿಡಿದುಕೊಂಡು ನಿಂತಿದ್ದ. ಅವನು ಶಿಫ್ಟಿನ ಮೇಲ್ವಿಚಾರಕ. ಒಳ್ಳೆಯ ಮನುಷ್ಯ, ಆದರೆ ಯಾವ ಒಳ್ಳೆಯ ಮಾತನ್ನೂ ನೇರ ಆಡಲು ಬರುತ್ತಿರಲಿಲ್ಲ.

“ದೇವಿಕಾ ಅವ್ರ, ಕಾಂಟಾ ನಿಮ್ಮ ಮನೀದೇನ್ರಿ?”

“ಒಂದು ನಿಮಿಷದ ಕೆಲಸ ಇತ್ರಿ ಸರ್.”

“ಬೆನ್ನು ಹ್ಯಾಂಗದ?”

“ಬೆನ್ನಿನ ಜಾಗಾದಾಗೇ ಅದರಿ.”

“ಇವತ್ತ ಮೂರನೇ ತಾರೀಖು,” ಎಂದ ಬಸವಲಿಂಗ, ಚಹಾ ಊದುತ್ತ. “ಹೇಳೀನಿ, ಅಷ್ಟೇ.”

ಹೇಳಬೇಕಾಗಿರಲಿಲ್ಲ. ಹಿಂದಿನ ಮೂರು ತಿಂಗಳಲ್ಲಿ ದೇವಿಕಾ ಹನ್ನೊಂದು ದಿನ ಮನೆಯಲ್ಲಿ ಅಂಗಾತ ಮಲಗಿ ಕಳೆದಿದ್ದಳು. ಬೆನ್ನೆಲುಬಿನ ನಾಲ್ಕನೆಯ ಮತ್ತು ಐದನೆಯ ಮಣಿಯ ನಡುವಿನ ಗಾದಿ ಹೊರಗೆ ಬಂದಿದೆ ಎಂದು ಕಲಬುರಗಿಯ ಡಾಕ್ಟರು ಕಪ್ಪು ಫೋಟೋದ ಮೇಲೆ ಬಾಲ್‌ಪೆನ್ನಿನಿಂದ ತಟ್ಟಿ ತೋರಿಸಿದ್ದರು. ಅವಳಿಲ್ಲದ ದಿನ ಕಾಂಟಾದಲ್ಲಿ ಕೂತ ಹೊಸಬರು ಲಾರಿಯವರು ಹೇಳಿದ್ದನ್ನೇ ಬರೆದುಕೊಟ್ಟು ಎರಡು ಸಲ ದೊಡ್ಡ ರಂಪವಾಗಿತ್ತು. ಆಗ ಬಸವಲಿಂಗ ಒಂದು ಕರಾರು ಹಾಕಿದ. ಫೆಬ್ರವರಿ ಪೂರ್ತಿ ಒಂದೂ ದಿನ ತಪ್ಪದೆ ಬಂದರೆ ಕಾಂಟಾ ಅವಳದೇ. ಒಂದು ದಿನ ತಪ್ಪಿದರೂ ಮಾರ್ಚ್ ಒಂದರಿಂದ ವಾಡಿಯ ಲಾರಿ ಯಾರ್ಡಿನಲ್ಲಿ ಟೋಕನ್ ಕೊಡುವ ಕಿಟಕಿ.

“ಇಪ್ಪತ್ತೆಂಟ ದಿನದ ತಿಂಗಳು ನೋಡಿ ಕೊಟ್ಟೀನ್ರಿ,” ಎಂದಿದ್ದ. “ಇದಕ್ಕಿಂತ ಸಣ್ಣದು ಕ್ಯಾಲೆಂಡರ್‌ನ್ಯಾಗ ಸಿಗಲಿಲ್ಲ.”

ಟೋಕನ್ ಕಿಟಕಿಯ ಕೆಲಸವೆಂದರೆ ಅಂಕಿ ಒತ್ತಿದ ಚೀಟಿಯನ್ನು ಹರಿದು ಕೊಡುವುದು. ಟೋಕನ್ ಕೊಡುವವಳ ಜೊತೆ ಯಾರೂ ಜಗಳವಾಡುವುದಿಲ್ಲ. ಕಾಂಟಾದವಳ ಜೊತೆ ಎಲ್ಲರೂ ಆಡುತ್ತಾರೆ, ಕೊನೆಗೆ ಅವಳು ಹೇಳಿದ್ದೇ ಚೀಟಿಯ ಮೇಲೆ ಬೀಳುತ್ತದೆ. ಹದಿನಾಲ್ಕು ವರ್ಷದ ಹಿಂದೆ, ಸೇಡಂ ಹೊರಗಿನ ಈ ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಒಬ್ಬ ಹೆಂಗಸು ಕೂತಿದ್ದನ್ನು ನೋಡಿ ಚಿಂಚೋಳಿ ಕಡೆಯ ಡ್ರೈವರುಗಳು ಲಾರಿಯಿಂದ ಇಳಿಯದೆ ಹಾರ್ನ್ ಹೊಡೆಯುತ್ತಿದ್ದರು, ಯಾರಾದರೂ ಗಂಡಸರನ್ನು ಕಳಿಸಲಿ ಎಂದು. ಈಗ ಅವರೇ ಬೇರೆ ಕಾಂಟಾದ ಚೀಟಿ ತಂದು ತೋರಿಸಿ, “ಇದು ಖರೆ ಅದ ಏನ್ರಿ ಅಕ್ಕಾ?” ಎಂದು ಅವಳನ್ನು ಕೇಳುತ್ತಾರೆ.

ತೊಂದರೆ ಇದ್ದದ್ದು ಕಾಂಟಾದಲ್ಲಲ್ಲ, ಕಾಂಟಾಕ್ಕೆ ಬರುವ ಹಾದಿಯಲ್ಲಿ. ಅವಳ ಮನೆ ಶಹಾಬಾದದ ಪಕ್ಕದ ಭಂಕೂರಿನಲ್ಲಿ. ಗಂಡ ರಾಜರತ್ನ ಶಹಾಬಾದದ ಒಂದು ಶಾಲೆಯಲ್ಲಿ ಗುಮಾಸ್ತ. ಅವನ ನೌಕರಿ ಬಿಟ್ಟು ಸೇಡಂಗೆ ಹೋಗುವುದು ಆಗದ ಮಾತು. ರೈಲಿನ ವೇಳೆ ಶಿಫ್ಟಿಗೆ ಹೊಂದುವುದಿಲ್ಲ. ಬಸ್ಸಿನಲ್ಲಿ ಎರಡು ಕಡೆ ಇಳಿದು ಹತ್ತಬೇಕು, ಸೀಟು ಸಿಕ್ಕರೆ ಹಿಂದಿನ ಚಕ್ರದ ಮೇಲೆಯೇ ಸಿಗುತ್ತದೆ. ಉಳಿದದ್ದು ಈ ಕಾರು. ಹದಿನೇಳು ವರ್ಷದ್ದು, ಮೂರನೆಯ ಕೈಯದು. ಐದು ವರ್ಷದ ಹಿಂದೆ ತಗೊಂಡಾಗ ಅವಳಿಗೆ ಓಡಿಸಲು ಬರುತ್ತಿರಲಿಲ್ಲ; ಕಲಿತಳು. ದಿನಾ ಬೆಳಗ್ಗೆ ಆರೂಕಾಲಿಗೆ ಹೊರಟು ವಾಡಿ, ಚಿತ್ತಾಪುರ, ದಂಡೋತಿ ದಾಟಿ ಎಂಟಕ್ಕೆ ಮುಂಚೆ ಗೇಟು ಮುಟ್ಟುತ್ತಾಳೆ. ಹೆದ್ದಾರಿಯಲ್ಲಿ ಕಾರು ತೆರೆದ ಮೈದಾನದ ಮೇಲೆ ಬಿಟ್ಟ ಮೇಕೆಮರಿಯ ಹಾಗೆ ಕುಣಿಯುತ್ತಿತ್ತು. ಪ್ರತಿ ಕುಣಿತವೂ ಆ ನಾಲ್ಕು ಮತ್ತು ಐದರ ನಡುವೆ ಹೋಗಿ ಸೇರುತ್ತಿತ್ತು.

ಫರಸಿಯ ವಿಚಾರ ಅವಳಿಗೆ ಹೊಳೆದದ್ದು ಕಾಂಟಾದ ಕಿಟಕಿಯಲ್ಲಿ ಕೂತಾಗಲೇ. ಖಾಲಿ ಲಾರಿ ಕಾಂಟಾ ಹತ್ತುವಾಗ ಸರಪಳಿ, ಬಾಗಿಲು, ಡ್ರೈವರನ ಕನ್ನಡಿ ಎಲ್ಲ ಸೇರಿ ಸಂತೆಯಷ್ಟು ಗದ್ದಲ ಮಾಡುತ್ತದೆ. ಅದೇ ಲಾರಿ ತುಂಬಿಕೊಂಡು ಬಂದರೆ, ಬಸುರಿ ನಡೆದ ಹಾಗೆ, ಸಾವಕಾಶ, ಸದ್ದಿಲ್ಲದೆ ಬಂದು ನಿಲ್ಲುತ್ತದೆ. ಹದಿನಾಲ್ಕು ವರ್ಷದಲ್ಲಿ ಲಕ್ಷಗಟ್ಟಲೆ ಸಲ ನೋಡಿದ್ದನ್ನು ಯಾರು ಅನುಮಾನಿಸುತ್ತಾರೆ? ಗಾಡಿ ಕುಣಿಯುವುದು ಹಗುರಾಗಿರುವುದಕ್ಕೆ. ಭಾರ ಹಾಕಿದರೆ ನಿಲ್ಲುತ್ತದೆ. ಭಂಕೂರಿನಲ್ಲಿ ಬೇರೆ ಏನೂ ಸಿಗದಿದ್ದರೂ ಕಲ್ಲು ಸಿಗುತ್ತದೆ. ಅಂಗಳಕ್ಕೆ ಹಾಸಿ ಉಳಿದ ಮೂರು ಫರಸಿ ಗೋಡೆಗೆ ಆನಿಸಿದ್ದವು. ರಾಜರತ್ನ ಅವುಗಳನ್ನು ಒಂದೊಂದಾಗಿ ಎತ್ತಿ ಡಿಕ್ಕಿಯಲ್ಲಿ ಹಾಸಿದ ಹಳೆಯ ಚಾದರದ ಮೇಲಿಟ್ಟು, ಏದುಸಿರು ಬಿಡುತ್ತ ಹೇಳಿದ್ದ: “ಮಂದಿ ನೌಕರಿಗಿ ಹ್ವಾದರ ಬುತ್ತಿ ಒಯ್ತಾರ. ನೀ ಹಾಸಗಲ್ಲು ಒಯ್ಯಾಕತ್ತಿ.”

ಮೊದಲ ದಿನ ಕಾರು ನಿಜಕ್ಕೂ ತೇಲಿತು. ಎರಡನೆಯ ದಿನವೂ. ವಾಡಿಯ ಹತ್ತಿರದ ಹಾಳು ರಸ್ತೆಯಲ್ಲೂ ಹಿಂದಿನ ಹಾಗೆ ಸೀಟು ಅವಳನ್ನು ಎತ್ತಿ ಒಗೆಯಲಿಲ್ಲ. ಸಂಜೆ ಮನೆಗೆ ಬಂದು, “ನೋಡಿದಿ? ಕಾಂಟಾದವರ ಬುದ್ಧಿ!” ಎಂದು ಗಂಡನ ಮುಂದೆ ಜಂಭ ಕೊಚ್ಚಿದಳು. ಒಂಬತ್ತು ದಿನ ಹಾಗೆಯೇ ನಡೆಯಿತು. ಹಾಜರಿ ಪುಸ್ತಕದಲ್ಲಿ ಅವಳ ಸಹಿ ಸಾಲಾಗಿ, ಒಂದರ ಕೆಳಗೊಂದು ಬಿತ್ತು.

ಹನ್ನೆರಡನೇ ತಾರೀಖು ದಂಡೋತಿಯಲ್ಲಿ ಕಾಗಿಣಾ ನದಿಯ ಸೇತುವೆಗಿಂತ ಸ್ವಲ್ಪ ಈಚೆಗೆ, ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದು, ಅವಳು ಎಡಕ್ಕೆ ಸರಿದಳು. ಡಾಂಬರಿನ ಅಂಚು ಮುರಿದು ಗೇಣುದ್ದ ತೆಗ್ಗು ಬಿದ್ದಿತ್ತು. ಮುಂದಿನ ಚಕ್ರ ಇಳಿದು ಏರಿತು. ಹಿಂದಿನದು ಇಳಿದಾಗ ಬಂದದ್ದು ಕುಣಿತವಲ್ಲ, ಪೆಟ್ಟು. ಯಾರೋ ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆದಂತೆ. ತೊಂಬತ್ತು ಕಿಲೋ ಕಲ್ಲು ಮೇಲೆ ಹಾರಿ ಮತ್ತೆ ಕೆಳಗೆ ಕೂತಿತು, ಕಾರಿನ ಹಿಂಭಾಗ ಚಕ್ರದ ಮೇಲೆ ಕುಕ್ಕರಿಸಿತು, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಬಂತು. ದೇವಿಕಾ ಕಾರನ್ನು ಹೇಗೋ ಬದಿಗೆ ತಂದು ನಿಲ್ಲಿಸಿದಳು. ಇಳಿಯಲು ಹೋದಳು. ಎಡಗಾಲು ಅವಳ ಮಾತು ಕೇಳಲಿಲ್ಲ.

ಏಳೂ ಹತ್ತು ಆಗಿತ್ತು. ಅವಳು ಅಳಲಿಲ್ಲ, ಆದರೆ ಲೆಕ್ಕ ಹಾಕಿದಳು. ಇಲ್ಲಿಂದ ಮನೆಗೆ ಫೋನು ಮಾಡಿದರೆ ಗಂಡ ಬರುತ್ತಾನೆ, ಕರೆದುಕೊಂಡು ಹೋಗುತ್ತಾನೆ, ಅಲ್ಲಿಗೆ ಫೆಬ್ರವರಿ ಮುಗಿಯಿತು. ಅವಳು ಚಿತ್ತಾಪುರದ ಅಂಬರೇಶನಿಗೆ ಫೋನು ಮಾಡಿದಳು. ಕಾರಿನ ಎಣ್ಣೆ, ಬ್ರೇಕು ಎಲ್ಲ ನೋಡುತ್ತಿದ್ದವನು ಅವನೇ.

ಅಂಬರೇಶ ಮೋಟರ್‌ಸೈಕಲ್ಲಿನ ಮೇಲೆ ಬಂದ. ಮೊದಲು ಕಾರನ್ನು ಬಗ್ಗಿ ನೋಡಿದ, ಆಮೇಲೆ ಅವಳನ್ನು ನೋಡಿದ, ಕೊನೆಗೆ ಡಿಕ್ಕಿ ತೆರೆದು ನೋಡಿದ. ಡಿಕ್ಕಿಯನ್ನೇ ಬಹಳ ಹೊತ್ತು ನೋಡಿದ.

“ಅಕ್ಕಾ, ಇದು ಯಾವ ದೇವರ ಹರಕಿ?”

“ಖಾಲಿ ಗಾಡಿ ಕುಣೀತದ, ತುಂಬಿದ್ದು ಕುಣಿಯಂಗಿಲ್ಲ. ಲಾರಿ ನೋಡಿಲ್ಲೇನು ನೀ?”

“ನೋಡೀನ್ರಿ. ಲಾರಿಗಿ ಹಿಂದ ಹತ್ತು ಹನ್ನೆರಡು ಉಕ್ಕಿನ ಸ್ಪ್ರಿಂಗ್ ಪಟ್ಟಿ ಇರ್ತಾವ. ಹದಿನೈದು ಟನ್ ಹೊರಲಿ ಅಂತೇ ಮಾಡಿದ್ದು. ಖಾಲಿ ಇದ್ದಾಗ ಆ ಪಟ್ಟಿಗಿ ಕೆಲಸಿಲ್ಲ, ಅದಕ್ಕ ಒದೀತದ. ನಿಮ್ಮ ಗಾಡಿಗಿ ಎರಡು ಸ್ಪ್ರಿಂಗು, ಅವೂ ಮುದುಕ ಆಗ್ಯಾವ. ಅವಕ್ಕ ಕುಣಿಲಿಕ್ಕ ಜರಾ ಜಾಗಾ ಬೇಕು. ನೀವು ಕಲ್ಲು ಹೇರಿ ಆ ಜಾಗಾನೇ ತಿಂದೀರಿ. ಸಪಾಟ ರೋಡಿನ್ಯಾಗ ಛಲೋ ಹ್ವಾಗಿರ್ತದ, ಖರೆ. ತೆಗ್ಗು ಬಂದ್ರ? ಎಲ್ಲಿ ಇಳೀಬೇಕು ಅದು? ನಿಮ್ಮ ಬೆನ್ನಿನ್ಯಾಗ ಇಳೀತು.”

ದೇವಿಕಾ ಕತ್ತು ಹೊರಳಿಸಿ ಹಿಂದಿನ ಚಕ್ರದ ಕಡೆ ನೋಡಿದಳು. ಲಕ್ಷಗಟ್ಟಲೆ ಲಾರಿಗಳನ್ನು ಮೇಲಿನಿಂದ ನೋಡಿದ್ದಳು. ಒಂದರ ಕೆಳಗೂ ಬಗ್ಗಿ ನೋಡಿರಲಿಲ್ಲ.

ಅಂಬರೇಶ ಮೂರೂ ಫರಸಿಯನ್ನು ರಸ್ತೆ ಬದಿಯ ಜಾಲಿಯ ಬುಡಕ್ಕೆ ಸಾಗಿಸಿದ. ಸೇಡಂ ಕಡೆ ತರಕಾರಿ ಒಯ್ಯುತ್ತಿದ್ದ ಒಂದು ಟೆಂಪೋ ನಿಲ್ಲಿಸಿ, ಬದನೆಕಾಯಿ ಚೀಲಗಳ ಮೇಲೆ ಅವಳನ್ನು ಉದ್ದಕ್ಕೆ ಮಲಗಿಸಿ ಕಳಿಸಿದ. ಅವಳು ಗೇಟು ಮುಟ್ಟಿದಾಗ ಒಂಬತ್ತೂ ಐದು. ಬಸವಲಿಂಗ ಗಡಿಯಾರ ನೋಡಿದ. ಅವಳ ಬೆನ್ನಿಗೆ ಅಂಟಿದ್ದ ಬದನೆಯ ಎಲೆಯನ್ನೂ ನೋಡಿದ. ಹಾಜರಿ ಪುಸ್ತಕ ಮುಂದಕ್ಕೆ ತಳ್ಳಿ ಕೆಂಪು ಪೆನ್ನು ಕೊಟ್ಟ. ಕೆಂಪು ಸಹಿ ಎಂದರೆ ತಡ. ಗೈರುಹಾಜರಿ ಅಲ್ಲ.

ಆ ದಿನ ಅವಳು ನಿಂತುಕೊಂಡೇ ನೂರಾ ಹತ್ತು ಲಾರಿ ತೂಗಿದಳು.

ರಾತ್ರಿಯೂಟಕ್ಕೆ ರಾಜರತ್ನ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು, ತುತ್ತು ಕಲಸುತ್ತ, “ವಾಡಿ ಏನು ದೂರದ ಊರಾ? ಹನ್ನೆರಡು ಕಿಲೋಮೀಟರ್. ಕಿಟಕ್ಯಾಗ ಫ್ಯಾನ್ ಹಚ್ಚಿಕೊಂಡು ಕುಂದ್ರತಿ,” ಎಂದ.

“ಟೋಕನ್ ಹರೀಲಿಕ್ಕ ನಾ ಏನ್ ಸಿನೆಮಾ ಟಾಕೀಸಿನ್ಯಾಕಿ ಏನು?”

“ಬೆನ್ನು ಹರದರ?”

“ಇನ್ನಾ ಹರದಿಲ್ಲ,” ಎಂದಳು. ಮರುದಿನ ಬೆಳಿಗ್ಗೆ ಅವನು ಅವಳನ್ನು ತನ್ನ ಮೋಟರ್‌ಸೈಕಲ್ಲಿನ ಮೇಲೆ ವಾಡಿಯ ಬಸ್ಸಿಗೆ ಬಿಟ್ಟ. ಅವಳು ಬಸ್ಸಿನಲ್ಲಿ ಸೇಡಂವರೆಗೂ ಕಂಬ ಹಿಡಿದು ನಿಂತು ಹೋದಳು.

ಕಾರು ಎರಡು ದಿನ ಅಂಬರೇಶನ ಶೆಡ್ಡಿನಲ್ಲಿತ್ತು. ಅವನು ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದ, ಗುಜರಿಗೆ ಬಂದ ಇನ್ನೊಂದು ಕಾರಿನಿಂದ ಗಟ್ಟಿಯಿದ್ದ ಸ್ಪ್ರಿಂಗು ತೆಗೆದು ಹಾಕಿದ, ಎಂಜಿನ್ ಕೂತ ರಬ್ಬರು ಹಪ್ಪಳವಾಗಿದ್ದನ್ನು ಕಿತ್ತು ಹೊಸದು ಕೂಡಿಸಿದ. ಕೊನೆಗೆ ಟೈರಿಗೆ ಮೀಟರ್ ಹಚ್ಚಿ ತಲೆ ಕೊಡವಿದ.

“ನಲವತ್ತದ ಗಾಳಿ! ಯಾರು ಹೊಡದವ್ರು?”

“ಗೇಟಿನ ಮುಂದಿನ ಪಂಕ್ಚರ್ ಅಂಗಡ್ಯಾವ. ನಾನೇ ಹೇಳೀನಿ, ಜಾಸ್ತಿ ಹೊಡಿ ಅಂತ.”

“ಅವನಿಗಿ ಲಾರಿ ಬಿಟ್ರ ಬ್ಯಾರೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಇಬ್ಬರೂ ಕೂಡಿ ಇದನ್ನ ಲಾರಿ ಮಾಡಾಕ ಹತ್ತೀರಿ.” ಫುಸ್ಸೆಂದು ಗಾಳಿ ಬಿಟ್ಟು ಇಪ್ಪತ್ತೆಂಟಕ್ಕೆ ತಂದ. “ಈಗ ಕುಂದ್ರಿ, ಒಂದು ಸುತ್ತು ಹೊಡದು ಬರ್ರಿ.”

ಅವಳು ರೈಲ್ವೆ ಗೇಟಿನವರೆಗೆ ಹೋಗಿ ಬಂದಳು. ಗಾಡಿ ಹೊಸದಾಗಿರಲಿಲ್ಲ, ಆದರೆ ತನ್ನ ವಯಸ್ಸಿಗೆ ತಕ್ಕ ಹಾಗೆ ನಡೆಯುತ್ತಿತ್ತು. ಅದನ್ನೇ ಹೇಳಿದಳು.

“ಗಾಡಿದು ಆಯ್ತು,” ಎಂದ ಅಂಬರೇಶ. “ಸೀಟಿಂದು ನನ್ನ ಕೈಯಾಗ ಆಗಂಗಿಲ್ಲ. ಅದರಾಗ ಫೋಮ್ ಎಲ್ಲಿ ಅದ? ಬರೇ ಕಬ್ಬಿಣದ ಮ್ಯಾಗ ಕುಂತೀರಿ. ವಾಡ್ಯಾಗ ಜಬೀನಾನ ಕಡಿ ಹೋಗ್ರಿ. ಬೈತಾಳ, ಬೈಸಿಕೊಳ್ರಿ.”

ಜಬೀನಾ ವಾಡಿ ಸ್ಟೇಷನ್ ರಸ್ತೆಯಲ್ಲಿ ಲಾರಿ ಸೀಟು ಹೊಲಿಯುವವಳು. ಅಪ್ಪ ಮಾಡುತ್ತಿದ್ದ ಕೆಲಸ; ಅಪ್ಪ ಹೋದ ಮೇಲೆ ಅಂಗಡಿ ಮುಚ್ಚುತ್ತದೆ ಎಂದುಕೊಂಡವರೆಲ್ಲ ಈಗ ಅವಳ ಗಿರಾಕಿಗಳು. ಐವತ್ತರ ಹತ್ತಿರದ ದಪ್ಪ ಹೆಂಗಸು, ಬಾಯಲ್ಲಿ ಸದಾ ಎರಡು ಸೂಜಿ. ಭಾನುವಾರ ಬೆಳಿಗ್ಗೆ ದೇವಿಕಾ ಕಾರು ನಿಲ್ಲಿಸಿದಾಗ ಅವಳು ಸೀಟನ್ನಲ್ಲ, ದೇವಿಕಾ ಇಳಿಯುವುದನ್ನು ನೋಡಿದಳು.

“ಥಾಂಬು. ವಾಪಸ್ ಕುಂದುರು. ಮತ್ತ ಇಳಿ.”

ದೇವಿಕಾ ಕೂತು ಇಳಿದಳು.

“ಇನ್ನೊಂದ್ ಸಲ.”

“ಯಾಕ್ರಿ, ಸರ್ಕಸ್ಸೇನು?”

“ಸರ್ಕಸ್ಸಿನ್ಯಾಗ ಇಷ್ಟು ವಂಕರ ನಡದರ ತೆಗದು ಹಾಕ್ತಾರ.” ಜಬೀನಾ ಒಳಗಿನಿಂದ ಒಂದು ಚೀಲ ಎಳೆದು ತಂದಳು. ಹಿಟ್ಟಿನಷ್ಟು ನುಣ್ಣಗಿದ್ದ ಸುಣ್ಣಕಲ್ಲಿನ ಪುಡಿ ಅದರಲ್ಲಿ ಅರ್ಧಕ್ಕೆ ತುಂಬಿತ್ತು. ಕಾರಿನ ಸೀಟು ಬಿಚ್ಚಿ, ಅದರ ಚೌಕಟ್ಟಿನ ಮೇಲೆ ಚೀಲ ಹಾಸಿ, ಕೈಯಿಂದ ಸಪಾಟ ಮಾಡಿದಳು. “ಇದರ ಮ್ಯಾಗ ಕುಂದುರು. ಕಾರು ಹೊಡದಂಗ ಕೈ ಕಾಲು ಇಡು. ಅರ್ಧಾ ತಾಸು ಅಲುಗಾಡಬ್ಯಾಡ. ಅಲ್ಲಿತನಕ ಚಹಾ ಕುಡಿ, ನಿನ್ನ ಅತ್ತಿ ಬೈ, ಏನ್ ಬೇಕಾದ್ ಮಾಡು.”

“ಇದೇನಿದು?”

“ನಮ್ಮ ಅಬ್ಬಾನ ಎಕ್ಸರೇ.”

ಅರ್ಧ ತಾಸಿಗೆ ದೇವಿಕಾ ಎದ್ದಾಗ ಚೀಲದ ಮೇಲೆ ಎರಡು ಗುಳಿ ಬಿದ್ದಿದ್ದವು. ಜಬೀನಾ ಬಗ್ಗಿ, ಬೆರಳನ್ನು ಅಳತೆಗೋಲಿನಂತೆ ಇಳಿಸಿ ನೋಡಿದಳು. ಎಡಗಡೆಯದು ಒಂದೂವರೆ ಬೆರಳು ಹೆಚ್ಚು ಆಳ.

“ನೀ ಎಡಕ್ಕ ಬಿದ್ದು ಕುಂದರತಿ. ಏನ್ ಕೆಲಸ ನಿಂದು?”

“ಕಾಂಟಾ. ಸೇಡಮ್ಮಿಗಿ.”

“ಕಿಟಕಿ ಎಡಕ್ಕ ಅದ?”

“ಹೂಂ. ಹದಿನಾಕು ವರ್ಷಾತು.”

“ಅದಕ್ಕ. ಕಿಟಕಿಗಿ ವಾಲಿ ವಾಲಿ ಮೈಗಿ ಅದೇ ಖಾಯಂ ಆಗೇದ. ಕಾರಿನ್ಯಾಗನೂ ಕಿಟಕಿ ಇಲ್ಲದ ಕಡಿಗಿ ವಾಲತಿ.” ಜಬೀನಾ ಸೂಜಿ ಬಾಯಿಂದ ತೆಗೆದಳು. “ಎಲ್ಲಾರೂ ಬಂದು ಮೆತ್ತಗ ಮಾಡು, ಮೆತ್ತಗ ಮಾಡು ಅಂತಾರ. ಮೆತ್ತಗ ಮಾಡಿದರ ನೀ ಇನ್ನಾ ಎಡಕ್ಕ ಮುಳುಗತಿ. ನಿನಗ ಬೇಕಾಗಿದ್ದು ಗಟ್ಟಿ. ಆದ್ರ ಎಲ್ಲಿ ಗಟ್ಟಿ ಬೇಕೋ ಅಲ್ಲಿ.”

ಆಮೇಲಿನ ನಾಲ್ಕು ತಾಸು ದೇವಿಕಾ ಅಂಗಡಿಯ ಚಾಪೆಯ ಮೇಲೆ ಅಂಗಾತ ಮಲಗಿ ನೋಡಿದಳು. ಜಬೀನಾ ಲಾರಿ ಟ್ಯೂಬನ್ನು ಎರಡು ಬೆರಳಗಲ ಪಟ್ಟಿಗಳಾಗಿ ಕತ್ತರಿಸಿ ಚೌಕಟ್ಟಿಗೆ ಮಂಚದ ನವಾರಿನಂತೆ ಹೆಣೆದಳು. ಎಡಗಡೆ ಪಟ್ಟಿಗಳು ಒತ್ತೊತ್ತಾಗಿ, ಬಲಗಡೆ ಸಡಿಲ. ಅದರ ಮೇಲೆ ಕಲ್ಲಿನಷ್ಟು ಗಟ್ಟಿಯ ಒಂದು ಫೋಮು, ಅದರ ಮೇಲೆ ತೆಳ್ಳಗೆ ಮೆತ್ತನೆಯದು. ಸೊಂಟದ ಕಡೆ, ರೊಟ್ಟಿ ಹಿಟ್ಟಿನ ಮುದ್ದೆಯಷ್ಟು ದಪ್ಪದ ಒಂದು ಸುರುಳಿ. ಸೀಟಿನ ಮುಂದಿನ ಎರಡು ಬೋಲ್ಟುಗಳ ಕೆಳಗೆ ನಾಲ್ಕು ನಾಲ್ಕು ವಾಷರ್ ಸೇರಿಸಿ ತೊಡೆಗೆ ಆಸರೆ ಸಿಗುವಷ್ಟು ಎತ್ತಿದಳು. ಕೊನೆಗೆ ಬಾಗಿಲಿನ ಸಂದುಗಳಿಗೆ ಹೊಸ ರಬ್ಬರು ಬಡಿದಳು. ಅದು ದೇವಿಕಾ ಕೇಳಿದ್ದಲ್ಲ.

“ಗಾಳಿ ಸಪ್ಪಳಕ್ಕ ಭುಜ ಬಿಗಿ ಹಿಡಕೊಂಡು ಕುಂದರತಿ. ಭುಜ ಬಿಗದರ ಬೆನ್ನು ಬಿಗೀತದ. ಮ್ಯಾಲ ಸಿಮೆಂಟ್ ಧೂಳ ಬ್ಯಾರೆ. ಕುಂದುರು ಈಗ.”

ದೇವಿಕಾ ಕೂತಳು. ಮೊದಲಿಗೆ ವಿಚಿತ್ರವೆನಿಸಿತು, ಯಾರೋ ಬಲಗಡೆಯಿಂದ ಎಳೆದು ಕೂಡಿಸಿದ ಹಾಗೆ. “ಬಲಕ್ಕ ವಾಲಿದಂಗ ಆಗ್ತದ.”

“ನೆಟ್ಟಗ ಕುಂತಿ. ನಿನಗ ಮರತು ಹ್ವಾಗ್ಯದ.”

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾದೀತು. ಸೋಮವಾರ ಚಿತ್ತಾಪುರದವರೆಗೆ ನೋವೇ ಇರಲಿಲ್ಲ; ಗೇಟು ಮುಟ್ಟುವ ಹೊತ್ತಿಗೆ ಸೊಂಟದಲ್ಲಿ ಒಂದು ಸಣ್ಣ ಉರಿ ಎದ್ದಿತ್ತು. ಮಂಗಳವಾರವೂ ಅಷ್ಟೇ. ಅವಳು ಚಿತ್ತಾಪುರ ದಾಟಿದ ಮೇಲೆ ಒಂದು ಕಡೆ ನಿಲ್ಲಿಸಿ ಐದು ನಿಮಿಷ ಅಡ್ಡಾಡುವ ರೂಢಿ ಮಾಡಿಕೊಂಡಳು. ಅದಕ್ಕಾಗಿ ಹತ್ತು ನಿಮಿಷ ಬೇಗ ಹೊರಟಳು. ತೊಂಬತ್ತರಲ್ಲಿ ಓಡಿಸುತ್ತಿದ್ದವಳು ಅರವತ್ತೈದಕ್ಕೆ ಇಳಿದಳು. ಲಾರಿಗಳು ಹಾರ್ನ್ ಹೊಡೆದು ದಾಟಿದವು, ಕೆಲವು ಡ್ರೈವರುಗಳು ಗುರುತು ಹಿಡಿದು ಕೈ ಮಾಡಿದರು. ಕಾಂಟಾದ ಕ್ಯಾಬಿನ್ನಿನಲ್ಲಿ ಮೇಜನ್ನು ತಿರುಗಿಸಿ ಹಾಕಿಕೊಂಡು ಕಿಟಕಿ ಎದುರಿಗೆ ಬರುವಂತೆ ಮಾಡಿದಳು. ಇದೊಂದನ್ನು ಹದಿನಾಲ್ಕು ವರ್ಷದಲ್ಲಿ ಯಾರೂ ಮಾಡಿರಲಿಲ್ಲ, ಅವಳೂ ಸೇರಿ.

ಇಪ್ಪತ್ತನೇ ತಾರೀಖು ಉರಿ ಕಾಲಿಗಿಳಿಯದೆ ಸೊಂಟದಲ್ಲೇ ನಿಂತಿತು. ಇಪ್ಪತ್ಮೂರಕ್ಕೆ ಒಂದು ದಿನ ಪೂರ್ತಿ ಮರೆತೇಹೋಗಿತ್ತು. ಇಪ್ಪತ್ನಾಲ್ಕಕ್ಕೆ ಮತ್ತೆ ಬಂತು. ಅವಳು ಸಹಿ ಮಾಡುತ್ತ ಹೋದಳು.

ಇಪ್ಪತ್ತೆಂಟು, ಶನಿವಾರ. ಊಟದ ಹೊತ್ತಿಗೆ ಮುಂಚೆ ಒಂದು ಕಲ್ಲಿದ್ದಲಿನ ಲಾರಿ ಖಾಲಿಯಾಗಿ ವಾಪಸು ಕಾಂಟಾ ಹತ್ತಿತು. ಬೆಳಿಗ್ಗೆ ತುಂಬಿದ್ದಾಗ ತೂಗಿದ ಚೀಟಿ ಅವಳ ಮುಂದಿತ್ತು. ಅಂಕಿ ನಿಂತಿತು. ದೇವಿಕಾ ಅಂಕಿ ನೋಡಲಿಲ್ಲ. ಲಾರಿಯ ಹಿಂದಿನ ಚಕ್ರದ ಪಕ್ಕದ ನೆಲ ನೋಡಿದಳು.

“ಏ ತಮ್ಮಾ, ಮುಂಜಾನಿ ನಿನ್ನ ಗಾಡಿ ತೆಳಗ ನೀರಿನ ಟ್ಯಾಂಕಿ ತುಂಬಿ ತುಳಕಾಡಾಕತ್ತಿತ್ತು. ಈಗ ಎಲ್ಲಿ ಹ್ವಾತು?”

“ಕುಡದ್ನಿರಿ ಅಕ್ಕಾ. ಬಿಸಲು ಭಾಳ ಅದ.”

“ಎರಡನೂರು ಲೀಟರ್?”

“ಕ್ಲೀನರ್ ಜಳಕಾ ಮಾಡ್ದ.”

“ಅವನ ಮಾರಿ ನೋಡಿದ್ರ ದೀಪಾವಳಿಗಿ ಮಾಡಿದ್ದೇ ಕಡೀದು ಅನ್ನಸ್ತದ. ನಳ ಅಲ್ಲಿ ಅದ. ನೀರನ್ನ ಕಲ್ಲಿದ್ದಲಂತ ಬರಿಯಂಗಿಲ್ಲ ನಾ. ಟ್ಯಾಂಕಿ ತುಂಬಿಕೊಂಡು ಬಾ, ಆಮೇಲೆ ತೂಗತೀನಿ.”

ಡ್ರೈವರ್ ಐದು ನಿಮಿಷ ಕೂಗಾಡಿದ. ಮಾಲೀಕನಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟ. ಅವಳು ಅದನ್ನು ಮೇಜಿನ ಮೇಲಿಟ್ಟು ಹಿಂದಿನ ಲಾರಿಗೆ ಬಾ ಎಂದು ಕೈ ಮಾಡಿದಳು. ಆಗ ಅವನು ಗೊಣಗುತ್ತ ನಳದ ಕಡೆ ಲಾರಿ ತಿರುಗಿಸಿದ.

ಬಸವಲಿಂಗ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದ. ಒಳಗೆ ಬಂದು, ಹಾಜರಿ ಪುಸ್ತಕವನ್ನು ತಿರುವಿ, ಬೆರಳಿನಿಂದ ಸಾಲು ಎಣಿಸಿದ. ಇಪ್ಪತ್ನಾಲ್ಕು ಕೆಲಸದ ದಿನ, ಇಪ್ಪತ್ನಾಲ್ಕು ಸಹಿ, ಒಂದು ಕೆಂಪು.

“ಗೆದ್ರಿ,” ಎಂದ.

“ಹೂಂ ರೀ.”

ಅವನು ಹೋಗಲಿಲ್ಲ. ಸ್ಟೂಲಿನ ಮೇಲೆ ಕೂತ. ಅಂಗಿಯ ಕಿಸೆಯಿಂದ ನಾಲ್ಕಾಗಿ ಮಡಚಿದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟು, ಅಂಗೈಯಿಂದ ಅದರ ಮಡಿಕೆ ಬಿಡಿಸಿದ.

“ನೋಡ್ರಿ, ಕರಾರಿಂದು ಬ್ಯಾರೆ ಮಾತು. ಇದು ಶಿಕ್ಷಾ ಅಲ್ಲ. ವಾಡಿ ಯಾರ್ಡಿಗಿ ಸೂಪರ್‌ವೈಸರ್ ಅಂತ ಮಾಡಿಸೀನಿ ಮ್ಯಾಲಿನವರ ಕಡಿಂದ. ಪಗಾರ ಹೆಚ್ಚಿಗಿ. ಟೋಕನ್ ನೀವು ಹರಿಯೂದಿಲ್ಲ, ಹರಿಯವ್ರು ಇಬ್ಬರು ನಿಮ್ಮ ಕೈ ಕೆಳಗ. ಎ.ಸಿ. ರೂಮು. ಮನಿಯಿಂದ ಹನ್ನೆರಡು ಕಿಲೋಮೀಟರ್.” ಕಿಟಕಿಯ ಹೊರಗೆ ನೋಡುತ್ತ ಹೇಳಿದ. “ನಿಮ್ಮ ಯಜಮಾನ್ರು ಬಂದಿದ್ರು. ಹ್ವಾದ ವಾರ. ಶಾಲಿಗಿ ರಜಾ ಹಾಕಿ, ಬಸ್ಸಿಗಿ ಬಂದು, ಗೇಟಿನ ಹೊರಗ ಎರಡು ತಾಸು ನಿಂತಿದ್ರು. ನಿಮಗ ಹೇಳಬ್ಯಾಡ್ರಿ ಅಂದ್ರು. ಹೇಳಿದೆ. ನನ್ನ ಕೈಲೆ ಇಟಗೊಳ್ಳಲಿಕ್ಕ ಆಗಲಿಲ್ಲ.”

ದೇವಿಕಾ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು. ಅವಳ ಹೆಸರು ಸರಿಯಾಗಿತ್ತು. ರಾಜರತ್ನ ಎರಡು ತಾಸು ಬಿಸಿಲಲ್ಲಿ ಎಲ್ಲಿ ನಿಂತಿರಬಹುದು ಎಂದು ಯೋಚಿಸಿದಳು. ಚಹಾದಂಗಡಿಯ ಪಕ್ಕ ಇರಬೇಕು. ಅಲ್ಲಿಂದ ಕಾಂಟಾದ ಕಿಟಕಿ ಕಾಣುತ್ತದೆ. ಅವಳು ನಿಂತು ತೂಗುತ್ತಿದ್ದುದನ್ನು ಅವನು ನೋಡಿರಬೇಕು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಸಂಜೆ ಮನೆಗೆ ಹೋದ ಮೇಲೆ ಬರಬಹುದು.

“ಸರ್, ವಾಡ್ಯಾಗ ಕಾಂಟಾ ಅದ ಏನ್ರಿ?”

“ಅಲ್ಲೆಲ್ಲಿಂದ? ಅಲ್ಲಿ ಬರೇ ಗಾಡಿ ನಿಂದರತಾವ. ತೂಕ ಎಲ್ಲ ಇಲ್ಲೇ.”

“ಇಲ್ಲಿ ಯಾರು ಕುಂದರತಾರ?”

“ಯಾರಾದ್ರೂ. ಹೊಸಬರು. ಕಲೀತಾರ.” ಬಸವಲಿಂಗ ತನ್ನ ಕಿಸೆಯ ಪೆನ್ನಿನ ಟೋಪಿ ತೆಗೆದು, ಪೆನ್ನನ್ನು ಕಾಗದದ ಪಕ್ಕದಲ್ಲಿ ಇಟ್ಟ. “ಇಂಥಾದ್ದು ಎರಡನೇ ಸಲ ಬರೂದಿಲ್ಲ, ದೇವಿಕಾ ಅವ್ರ. ನಿಮ್ಮ ಕಾರು ಇವತ್ತ ನಡದದ, ಬರೂ ವರ್ಷ ನಡೀತದೇನು? ಸಹಿ ಮಾಡ್ರಿ.”

ನಳದ ಕಡೆಯಿಂದ ಆ ಲಾರಿ ಟ್ಯಾಂಕಿ ತುಂಬಿಕೊಂಡು ಬಂದು ಕಾಂಟಾದ ಮುಂದೆ ನಿಂತಿತು. ಡ್ರೈವರ್ ಹಾರ್ನ್ ಹೊಡೆಯದೆ, ಕಿಟಕಿಯ ಕಡೆ ನೋಡುತ್ತ ಕಾದ. ದೇವಿಕಾ ಅವನಿಗೆ ಬಾ ಎಂದು ಕೈ ಮಾಡಿ, ಕಾಗದವನ್ನು ಇದ್ದ ಮಡಿಕೆಗಳಲ್ಲೇ ಮತ್ತೆ ನಾಲ್ಕಾಗಿ ಮಡಚಿ, ಪೆನ್ನಿನ ಸಮೇತ ಬಸವಲಿಂಗನ ಕಡೆ ಸರಿಸಿದಳು.

“ಒಲ್ಲೆರಿ.”

“ಅವಸರ ಇಲ್ಲ. ಮನ್ಯಾಗ ವಿಚಾರ ಮಾಡಿ ಸೋಮವಾರ ಹೇಳ್ರಿ.”

“ಸೋಮವಾರನೂ ಒಲ್ಲೆ.”